ಕಾಕರಣೆ ಕಾಣದ ಬೆಳಗು: ಗೋವಾ ಕಾಡಿನಲ್ಲಿ ಹಕ್ಕಿ ಫೋಟೊ ತೆಗೆಯುವ ಬಗೆ

ಕಾಕರಣೆ ಹಕ್ಕಿ ಮನುಷ್ಯರನ್ನು ಕಂಡ ಕೂಡಲೇ ಹಾರಿಹೋಗುವುದು ಕಡಿಮೆ. ಕೂತ ಕೊಂಬೆಯಲ್ಲೇ ಮೆಲ್ಲಗೆ ತಿರುಗಿ ಬೆನ್ನು ತೋರಿಸುತ್ತದೆ. ಗಂಡಿನ ಕಪ್ಪು ತಲೆ, ಎದೆಗೆ ಅಡ್ಡಲಾದ ಬಿಳಿ ಪಟ್ಟಿ, ಅದರ ಕೆಳಗಿನ ಕಡುಗೆಂಪು ಹೊಟ್ಟೆ, ಎದ್ದು ಕಾಣುವುದೆಲ್ಲ ಮುಂಭಾಗದಲ್ಲೇ ಇದೆ. ಬೆನ್ನು ಒಣ ತೊಗಟೆಯ ಕಂದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 31 ಸೆಂ.ಮೀ. ಇರುವ ಹಕ್ಕಿ 20 ಮೀಟರ್ ದೂರದಲ್ಲಿ ಕೂತಿದ್ದೂ ಕಣ್ಣಿಗೆ ಬೀಳದೆ ಹೋಗುವುದು ಹೀಗೆ.

ಅನಮೋಡ ಘಾಟಿ ಇಳಿದು ಮೊಲ್ಲೆಮ್, ತಾಂಬ್ಡಿ ಸುರ್ಲಾ ಕಡೆಗೆ ಕ್ಯಾಮೆರಾ ಹಿಡಿದು ಬರುವ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯವರೂ, ವಾಸ್ಕೊ, ಮಡಗಾಂವ್, ಫೋಂಡಾಗಳಲ್ಲಿ ನೆಲೆಸಿದ ಕನ್ನಡಿಗರೂ ಹೆಚ್ಚಾಗಿ ಇಂಥ ಎರಡು ಮೂರು ಹಕ್ಕಿಗಳ ಆಸೆಯಿಂದಲೇ ಹೊರಡುತ್ತಾರೆ. ಕಾಕರಣೆ, ಕಪ್ಪೆಬಾಯಿ, ಮಳೆ ಹಿಡಿದ ಮೇಲಾದರೆ ಪುಟ್ಟ ಕಾಡು ಮಿಂಚುಳ್ಳಿ. ಇವು ಮೊದಲ ಭೇಟಿಗೇ ಸಿಗುವ ಹಕ್ಕಿಗಳಲ್ಲ. ಸಿಗದಿದ್ದಾಗ ಬಹಳಷ್ಟು ಮಂದಿ ಹತ್ತು ಗಂಟೆಗೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಸಮುದ್ರತೀರಕ್ಕೆ ಹೊರಟುಬಿಡುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಲು ನೋಡುತ್ತಾರೆ. ಎರಡೂ ಬೇಕಿಲ್ಲ. ಹಕ್ಕಿಯ ದಿನಚರಿ ಗೊತ್ತಿದ್ದು, ಕ್ಯಾಮೆರಾವನ್ನು ಆ ಜಾಗದ ಬೆಳಕಿಗೆ ಮೊದಲೇ ಹೊಂದಿಸಿಟ್ಟವರಿಗೆ ಬಯಸಿದ ಹಕ್ಕಿ ಬಂದರೆ ಅದರದ್ದೇ ಚಿತ್ರ, ಬಾರದಿದ್ದರೆ ಅಲ್ಲಿಗೆ ಬಂದ ಬೇರೆ ಹಕ್ಕಿಯ ಒಳ್ಳೆಯ ಚಿತ್ರ ಸಿಗುತ್ತದೆ.

ನಡೆಯುವುದಕ್ಕಿಂತ ನಿಲ್ಲುವುದು

ಕಾಕರಣೆ ಗಂಟೆಗಟ್ಟಲೆ ಹಾರಾಡುವ ಹಕ್ಕಿಯಲ್ಲ. ಮರದ ನಡು ಎತ್ತರದ ಕೊಂಬೆಯಲ್ಲಿ ನೆಟ್ಟಗೆ ಕೂತು ಸುತ್ತ ನೋಡುತ್ತದೆ, ಎಲೆಯ ಮೇಲಿನ ಹುಳವನ್ನೋ ಹಾರುವ ಕೀಟವನ್ನೋ ಒಂದೇ ಜಿಗಿತಕ್ಕೆ ಹಿಡಿದು ಮತ್ತೊಂದು ಕೊಂಬೆಗೆ ಹೋಗಿ ಕೂರುತ್ತದೆ. ಆದ್ದರಿಂದ ಅಲುಗಾಟ ಹುಡುಕುವ ಕಣ್ಣಿಗೆ ಅದು ಸಿಗುವುದಿಲ್ಲ. ಹುಡುಕಬೇಕಾದದ್ದು ಆಕಾರವನ್ನು: ಅಡ್ಡ ಕೊಂಬೆಯಿಂದ ಕೆಳಕ್ಕೆ ನೇತಾಡುವ, ತುದಿ ಕತ್ತರಿಸಿದಂತೆ ಕಾಣುವ ಉದ್ದ ಬಾಲ. ಎಲೆಗಳ ನಡುವೆ ಅಷ್ಟು ನೇರವಾದ ಲಂಬ ಗೆರೆ ಕಡಿಮೆ. ಇಂಥ ಗೆರೆ ಕಂಡಲ್ಲಿ ದುರ್ಬೀನು ಎತ್ತಿ.

ದುರ್ಬೀನಿನ ವಿಷಯದಲ್ಲಿ ಒಂದು ಮಾತು. ದಟ್ಟ ಕಾಡಿಗೆ 10×42ಕ್ಕಿಂತ 8×42 ಒಳ್ಳೆಯದು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿ.ಮೀ.ಗಳಲ್ಲಿ). 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ., 10ರಿಂದ ಭಾಗಿಸಿದರೆ 4.2 ಮಿ.ಮೀ. ಕಣ್ಣಿಗೆ ಬಂದು ಬೀಳುವ ಬೆಳಕಿನ ಕಿರಣದ ಅಗಲ ಇದು. ಬೆಳಗಿನ ಏಳೂವರೆಗೆ ಮೊಲ್ಲೆಮ್ ಕಾಡಿನ ನೆರಳಲ್ಲಿ ಕಣ್ಣಿನ ಪಾಪೆ ಅರಳಿರುವಾಗ ಈ ಒಂದು ಮಿಲಿಮೀಟರ್ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ನೋಟದ ಹರವೂ ಹೆಚ್ಚು, ಕೈನಡುಕವೂ ಕಡಿಮೆ.

ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಉತ್ತರ ಬೇರೆ ಹಕ್ಕಿಗಳಲ್ಲಿದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಲವು ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುತ್ತಾ ಸಾಗುತ್ತವೆ. ಭೀಮರಾಜ, ಚಿತ್ರಪಕ್ಷಿ, ಮರಕುಟಿಗ, ಎಲೆಹಕ್ಕಿ, ಹರಟೆಮಲ್ಲ, ನೊಣಹಿಡುಕ ಎಲ್ಲವೂ ಒಂದೇ ಗುಂಪಿನಲ್ಲಿ. ಒಂದು ಹಕ್ಕಿ ಎಬ್ಬಿಸಿದ ಕೀಟ ಇನ್ನೊಂದಕ್ಕೆ ಆಹಾರ. ಅಪಾಯ ಕಂಡರೆ ಭೀಮರಾಜ ಕೂಗಿ ಎಲ್ಲರನ್ನೂ ಎಚ್ಚರಿಸುತ್ತದೆ. ಕಾಕರಣೆ ಇಂಥ ಗುಂಪುಗಳ ಜೊತೆ ಸೇರಿಕೊಳ್ಳುತ್ತದೆ. ಅರ್ಧ ತಾಸು ಏನೂ ಇಲ್ಲದ ಕಾಡಿನಲ್ಲಿ ಒಮ್ಮೆಲೇ ಸದ್ದೆದ್ದು, ಹತ್ತು ನಿಮಿಷ ಎತ್ತ ನೋಡಿದರತ್ತ ಹಕ್ಕಿ, ಮತ್ತೆ ನಿಶ್ಶಬ್ದ. ಆಗ ಎಲ್ಲರೂ ಕ್ಯಾಮೆರಾ ತಿರುಗಿಸುವುದು ಮೇಲೆ ಗದ್ದಲ ಮಾಡುವ ಭೀಮರಾಜನ ಕಡೆಗೆ, ಹೊಳೆಯುವ ಚಿತ್ರಪಕ್ಷಿಯ ಕಡೆಗೆ. ಸದ್ದು ಮುಂದೆ ಸಾಗಿದ ಮೇಲೂ ಐದು ನಿಮಿಷ ಅಲ್ಲೇ ನಿಂತು ನಡು ಎತ್ತರದ ಕೊಂಬೆಗಳನ್ನು ಒಂದೊಂದಾಗಿ ನೋಡಿ. ಗುಂಪಿನ ಹಿಂದೆ ಓಡಬೇಡಿ. ಒಣ ಎಲೆಯ ಮೇಲಿನ ನಾಲ್ಕು ಹೆಜ್ಜೆ ಸದ್ದಿಗೆ ಮೌನವಾಗಿ ಕೂತ ಹಕ್ಕಿಗಳೇ ಮೊದಲು ಮರೆಯಾಗುತ್ತವೆ.

ನಿಲ್ಲುವ ಜಾಗ ಹೀಗಿರಲಿ: ದಾರಿ ತಿರುಗುವಲ್ಲಿ ಅಥವಾ ಸಣ್ಣ ಹಳ್ಳ ದಾಟುವಲ್ಲಿ, ಕಣ್ಣಿನ ಎತ್ತರಕ್ಕಿಂತ ಸ್ವಲ್ಪ ಮೇಲೆ 15ರಿಂದ 25 ಮೀಟರ್ ತೆರಪು ಕಾಣುವಂತೆ, ಬೆನ್ನ ಹಿಂದೆ ದಪ್ಪ ಮರ, ಸೂರ್ಯ ಬೆನ್ನ ಹಿಂದೆ ಅಥವಾ ಪಕ್ಕಕ್ಕೆ. ತಾಂಬ್ಡಿ ಸುರ್ಲಾದಲ್ಲಿ ಕದಂಬರ ಕಾಲದ ಮಹಾದೇವ ದೇವಸ್ಥಾನದ ಪಕ್ಕದ ಹೊಳೆಗೆ ತೀರಾ ಹತ್ತಿರ ನಿಂತರೆ ನೀರಿನ ಸದ್ದಿನಲ್ಲಿ ಕೂಗು ಕೇಳುವುದಿಲ್ಲ, ಐವತ್ತು ಮೀಟರ್ ಸರಿದು ನಿಲ್ಲುವುದು ಮೇಲು. ಒಂದೊಂದು ಜಾಗಕ್ಕೂ ಕನಿಷ್ಠ 40 ನಿಮಿಷ ಕೊಡಿ. ಮೊದಲ ಹದಿನೈದು ನಿಮಿಷ ಕಾಡು ನಿಮ್ಮ ಬರವಿಗೆ ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ. ಐದು ಜಾಗಕ್ಕೆ ಎಂಟೆಂಟು ನಿಮಿಷ ಕೊಡುವುದಕ್ಕಿಂತ ಒಂದೇ ಜಾಗಕ್ಕೆ ನಲವತ್ತು ಕೊಡುವುದು ಯಾವಾಗಲೂ ಲಾಭ.

ಫೆಬ್ರವರಿಯಿಂದ ಮೇವರೆಗೆ, ಮಳೆಗೆ ಮುಂಚಿನ ಸಂತಾನದ ಕಾಲದಲ್ಲಿ, ಗಂಡು ಒರಟು ಕೆಳದನಿಯಲ್ಲಿ ‘ಕ್ಯೂ, ಕ್ಯೂ, ಕ್ಯೂ’ ಎಂದು ಬಿಟ್ಟು ಬಿಟ್ಟು ಕೂಗುತ್ತದೆ. ದನಿ ಮಂದ, ಆದ್ದರಿಂದ ಹತ್ತಿರವಿದ್ದರೂ ದೂರದಿಂದ ಬಂದಂತೆ ಕೇಳುತ್ತದೆ. ಕೇಳಿದ ಕೂಡಲೇ ಆ ದಿಕ್ಕಿಗೆ ನುಗ್ಗದೆ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಎರಡು ಕಿವಿಗೂ ಸಮ ಕೇಳುವ ದಿಕ್ಕನ್ನು ಗುರುತಿಸಿಕೊಳ್ಳಿ.

ಬೆಳಕಿನ ಲೆಕ್ಕ

ಸಿಕ್ಕ ಹಕ್ಕಿ ಕೈತಪ್ಪುವುದು ಹೆಚ್ಚಾಗಿ ಇಲ್ಲಿ. ಜನವರಿಯಲ್ಲಿ ಗೋವಾದಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ. ಮೇಲಿನ ಎಲೆಮುಚ್ಚಿಗೆ ದಾಟಿ ಕೆಳಗೆ ಬಳಸಬಹುದಾದ ಬೆಳಕು ಬರಲು ಎಂಟಾಗುತ್ತದೆ. ಆಗ ನಿತ್ಯಹಸಿರು ಕಾಡಿನ ಒಳಗೆ ಸಾಮಾನ್ಯವಾಗಿ ಸಿಗುವ ಅಳತೆ ಎಫ್ 6.3, 1/125 ಸೆಕೆಂಡ್, ಐಎಸ್‌ಒ 3200ರ ಆಸುಪಾಸು (ಎಫ್ ಎಂದರೆ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಎಂಬುದು; ಸೆಕೆಂಡಿನ ಅಂಕಿ ಷಟರ್ ತೆರೆದಿರುವ ಹೊತ್ತು; ಐಎಸ್‌ಒ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬುದು). ಬಯಲಿನ ಹಕ್ಕಿಗೆ ಹಾಕುವ 1/1000 ಸೆಕೆಂಡನ್ನೇ ಇಲ್ಲಿಯೂ ಇಟ್ಟುಕೊಂಡರೆ ಕ್ಯಾಮೆರಾ ಮೂರು ಸಲ ದ್ವಿಗುಣಿಸಿ ಐಎಸ್‌ಒ 25,600ಕ್ಕೆ ಏರುತ್ತದೆ. ಚಿತ್ರದಲ್ಲಿ ಗರಿಯ ನವಿರು ಗೆರೆಗಳೆಲ್ಲ ನಾಯ್ಸಿನಲ್ಲಿ, ಅಂದರೆ ಚಿತ್ರದ ಮೇಲೆ ಏಳುವ ಕಾಳುಕಾಳು ಚುಕ್ಕೆಗಳಲ್ಲಿ, ಕರಗಿಹೋಗುತ್ತವೆ. ಕಾಕರಣೆಯ ರೆಕ್ಕೆಯ ಮೇಲಿನ ಕಪ್ಪು ಬಿಳಿ ಸಣ್ಣ ಅಲೆಗೆರೆಗಳು ಮೊದಲು ಹೋಗುವಂಥವು, ಚಿತ್ರ ಚೆನ್ನಾಗಿದೆಯೇ ಇಲ್ಲವೇ ಎಂದು ನೋಡಲು ಅವನ್ನೇ ದೊಡ್ಡದು ಮಾಡಿ ನೋಡಬೇಕು.

ಹಳೆಯ ನಿಯಮವೊಂದಿದೆ: ಲೆನ್ಸ್ 600 ಮಿ.ಮೀ. ಆದರೆ ಷಟರ್ 1/600ಕ್ಕಿಂತ ನಿಧಾನ ಇರಬಾರದು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸನ್ನೂ ಒಂದೂವರೆ ಪಟ್ಟು, ಅಂದರೆ 600 ಎಂದೇ ಹಿಡಿಯಬೇಕು. ಕೈಯ ಅಲುಗಾಟಕ್ಕೆ ಕಟ್ಟಿದ ನಿಯಮ ಇದು, ಹಕ್ಕಿಯ ಅಲುಗಾಟಕ್ಕಲ್ಲ. ಲೆನ್ಸಿನ ಸ್ಥಿರಕ ಕೈಯ ಅಲುಗಾಟವನ್ನು ನೋಡಿಕೊಳ್ಳುತ್ತದೆ, ಕಾಕರಣೆಯೋ ನಿಮಿಷಗಟ್ಟಲೆ ಕದಲದೆ ಕೂರುವ ಹಕ್ಕಿ. ಹಾಗಾಗಿ ಈ ಹಕ್ಕಿಯ ಮಟ್ಟಿಗೆ 1/125, ಒಂಟಿ ಕಾಲಿನ ಆಧಾರವಾದ ಮಾನೋಪಾಡ್ ಇದ್ದರೆ 1/60 ಕೂಡ ಸಾಕು. ಕಣ್ಣು ತಿರುಗಿಸುವ ಕ್ಷಣದಲ್ಲಿ ತಲೆ ಮಸುಕಾಗುತ್ತದೆ, ಆದ್ದರಿಂದ ಒಂದೇ ಚಿತ್ರಕ್ಕೆ ತೃಪ್ತಿಪಡದೆ ನಾಲ್ಕೈದು ಚಿತ್ರಗಳ ಸಣ್ಣ ಸಣ್ಣ ಸರಣಿಗಳಾಗಿ ತೆಗೆಯಿರಿ. ಗುಂಡಿ ಒತ್ತುವಾಗಲೂ ಬಿಡುವಾಗಲೂ ಕ್ಯಾಮೆರಾ ಸ್ವಲ್ಪ ಕದಲುವುದರಿಂದ ಸರಣಿಯ ನಡುವಿನ ಚಿತ್ರಗಳೇ ಹೆಚ್ಚಾಗಿ ಚೂಪಾಗಿರುತ್ತವೆ. 1/60ರಲ್ಲಿ ಇಪ್ಪತ್ತು ತೆಗೆದರೆ ಮೂರು ನಾಲ್ಕು ನಿಂತರೂ ಕೆಲಸ ಆದಂತೆ.

ಇಡುವ ಕ್ರಮ ಹೀಗೆ. ಕಾಡು ಹೊಕ್ಕ ಕೂಡಲೇ, ಹಕ್ಕಿ ಕಾಣುವ ಮೊದಲೇ, ನೆರಳಿನ ಎಲೆಯೊಂದಕ್ಕೆ ಅಳತೆ ಮಾಡಿ ಮ್ಯಾನುಯಲ್‌ನಲ್ಲಿ ಅಪರ್ಚರ್ ಪೂರ್ತಿ ತೆರೆದು, ಷಟರ್ 1/125ಕ್ಕೆ ಇಟ್ಟು, ಐಎಸ್‌ಒ ಆಟೊಗೆ ಬಿಡಿ; ಮೇಲ್ಮಿತಿ 6400. ಹಕ್ಕಿ ಕಂಡಾಗ ಮೊದಲ ಸರಣಿ ಈ ಲೆಕ್ಕದಲ್ಲಿ. ಇನ್ನೂ ಕೂತಿದ್ದರೆ ಷಟರನ್ನು 1/60ಕ್ಕೆ ಇಳಿಸಿ ಎರಡನೆಯ ಸರಣಿ. ನಂತರವೂ ಕೂತಿದ್ದರೆ 1/250ಕ್ಕೆ ಏರಿಸಿ ಕಾಯಿರಿ, ಹಾರುವ ಮುನ್ನ ಅದು ತಲೆ ಆಡಿಸತೊಡಗುತ್ತದೆ. ಬಹಳ ಮಂದಿ ಮಾಡುವುದು ಇದಕ್ಕೆ ತಿರುವುಮುರುವು: ವೇಗದ ಷಟರಿನಿಂದ ಶುರುಮಾಡಿ, ಕತ್ತಲೆ ಚಿತ್ರ ಕಂಡು ಗಾಬರಿಯಾಗಿ, ಗುಂಡಿಗಳನ್ನು ತಡಕಾಡುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಐಎಸ್‌ಒ ಏರಿದರೆ ಚಿತ್ರ ಕೆಡುತ್ತದೆ ಎಂಬ ಅಂಜಿಕೆಯಿಂದ 800ಕ್ಕೆ ಕಟ್ಟಿಹಾಕಿ, ಕತ್ತಲಾಗಿ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಕು ಏರಿಸುವವರಿದ್ದಾರೆ. ಇದರಿಂದ ಏನೂ ಉಳಿಯುವುದಿಲ್ಲ. ನಾಯ್ಸ್ ಹುಟ್ಟುವುದು ಮುಖ್ಯವಾಗಿ ಸೆನ್ಸರಿಗೆ ಬಿದ್ದ ಬೆಳಕು ಕಡಿಮೆಯಾದ್ದರಿಂದ, ಐಎಸ್‌ಒ ಅಂಕಿಯಿಂದಲ್ಲ. ಬೆಳಕು ಹೆಚ್ಚಿಸುವ ದಾರಿ ಎರಡೇ, ಷಟರ್ ನಿಧಾನ ಮಾಡುವುದು, ಅಪರ್ಚರ್ ಅಗಲ ಮಾಡುವುದು. 300 ಮಿ.ಮೀ. ಎಫ್ 4 ಲೆನ್ಸ್ 600 ಮಿ.ಮೀ. ಎಫ್ 6.3ಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಒಳಬಿಡುತ್ತದೆ. ಉದ್ದದ ಝೂಮ್ ಎಲ್ಲ ಕಡೆಗೂ ಸಲ್ಲುತ್ತದೆ ಎಂದುಕೊಂಡವರು ಈ ಲೆಕ್ಕವನ್ನು ಕಾಡಿನೊಳಗೆ ಒಮ್ಮೆ ಪರೀಕ್ಷಿಸಿ ನೋಡಲಿ.

ಕೆಂಪು ಬಣ್ಣಕ್ಕೆ ಬೇರೆಯೇ ಎಚ್ಚರ ಬೇಕು. ಗಂಡಿನ ಹೊಟ್ಟೆಯ ಮೇಲೆ ಬಿಸಿಲ ಚುಕ್ಕೆಯೊಂದು ಬಿದ್ದರೆ ಕೆಂಪು ಚಾನೆಲ್ ಒಂದೇ ತುಂಬಿ ಹರಿದು, ಗರಿಗಳ ವಿವರ ಅಳಿದು ಬಣ್ಣ ಬಳಿದ ತಗಡಿನಂತೆ ಕಾಣುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಕ್ಯಾಮೆರಾದ ಸಾಮಾನ್ಯ ನಕ್ಷೆ, ಹಿಸ್ಟೋಗ್ರಾಮ್, ಇದನ್ನು ತೋರಿಸುವುದಿಲ್ಲ, ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಂಡು ಕೆಂಪಿನ ಗೆರೆ ಬಲಗೋಡೆಗೆ ತಾಗದಂತೆ ನೋಡಿ, ತಾಗಿದರೆ ಮೂರನೇ ಒಂದು ಅಥವಾ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ, ಇಳಿಸಿದರೆ ಅರ್ಧ). ನೆರಳಿನಲ್ಲಿ ಸಮಸ್ಯೆ ತಿರುವುಮುರುವು. ಸುತ್ತಲ ಎಲೆಗಳಿಂದ ಬರುವ ಹಸಿರು ಬೆಳಕಿಗೆ ಕೆಂಪು ಮಂಕಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ರಾ ಫೈಲಿನಲ್ಲಿ ತೆಗೆದಿದ್ದರೆ ಆಮೇಲೆ ಟಿಂಟನ್ನು ಮೆಜೆಂಟಾ ಕಡೆಗೆ ಸ್ವಲ್ಪ ಸರಿಸಿ ಸರಿಮಾಡಬಹುದು. ಎದೆಯ ಬಿಳಿ ಪಟ್ಟಿ ಬೆಳ್ಳಗೆ ಕಾಣುವವರೆಗೆ ಸರಿಸಿದರೆ ಕೆಂಪು ತಾನಾಗಿ ಸರಿಹೋಗುತ್ತದೆ.

ಹತ್ತಿರ ಹೋಗುವ ಆಸೆ

ಚಿತ್ರ ಹಾಳಾಗುವುದಕ್ಕೂ ಹಕ್ಕಿ ಹಾರಿಹೋಗುವುದಕ್ಕೂ ಕಾರಣವಾಗುವ ಆ ಕೊನೆಯ ಐದು ಹೆಜ್ಜೆಗಳು ಬೇಕೇ ಎಂಬುದಕ್ಕೆ ಲೆಕ್ಕ ಹೀಗಿದೆ. 400 ಮಿ.ಮೀ. ಲೆನ್ಸಿನಲ್ಲಿ 20 ಮೀಟರ್ ದೂರದ 31 ಸೆಂ.ಮೀ. ಹಕ್ಕಿ ಸೆನ್ಸರಿನ ಮೇಲೆ 6.2 ಮಿ.ಮೀ. ಎತ್ತರಕ್ಕೆ ಮೂಡುತ್ತದೆ. ಸಣ್ಣ ಸೆನ್ಸರಿನ ಎತ್ತರ 15.6 ಮಿ.ಮೀ. ಅಂದರೆ ಚೌಕಟ್ಟಿನ ಹತ್ತಿರಹತ್ತಿರ ಐದರಲ್ಲಿ ಎರಡು ಭಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇದು ಸುಮಾರು 1600 ಪಿಕ್ಸೆಲ್ ಎತ್ತರದ ಹಕ್ಕಿ. ದೊಡ್ಡ ಅಳತೆಗೆ ಮುದ್ರಿಸಲೂ ಇದು ಧಾರಾಳ. ಹತ್ತು ಮೀಟರಿಗೆ ಹೋದರೆ ಹಕ್ಕಿ ಚೌಕಟ್ಟಿನ ಎತ್ತರದ ಐದರಲ್ಲಿ ನಾಲ್ಕು ಭಾಗ ಆವರಿಸಿ, ಸ್ವಲ್ಪ ಕೈ ಸರಿದರೂ ಬಾಲದ ತುದಿ ಕತ್ತರಿಸಿಹೋಗುವ ಸಂಭವವಿದೆ. ಜೊತೆಗೆ ಎಫ್ 5.6ರಲ್ಲಿ ಹತ್ತು ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕಾಣುವ ಆಳ ಬರೀ 14 ಸೆಂ.ಮೀ. ಇಪ್ಪತ್ತು ಮೀಟರಿಗೆ ಅದು ನಾಲ್ಕು ಪಟ್ಟು, ಅರ್ಧ ಮೀಟರಿಗಿಂತ ಹೆಚ್ಚು. ದೂರ ನಿಂತರೆ ಹಕ್ಕಿಯೂ ನಿಶ್ಚಿಂತೆ, ತಲೆಯಿಂದ ಬಾಲದವರೆಗೆ ಸ್ಪಷ್ಟತೆಯೂ ಸಿಗುತ್ತದೆ.

ಹೆಜ್ಜೆ ಇಡಲೇಬೇಕಾದರೆ ಮುಂದಕ್ಕಿಂತ ಪಕ್ಕಕ್ಕೆ ಇಡಿ. ಹಕ್ಕಿಯ ಹಿಂದೆ ಎಲೆಗಳ ನಡುವಿನ ಆಕಾಶದ ತೂತು ಇದ್ದರೆ ಕ್ಯಾಮೆರಾ ಆ ಬೆಳಕಿಗೆ ಅಳತೆ ಮಾಡಿ ಹಕ್ಕಿಯನ್ನು ಕಪ್ಪು ನೆರಳಾಗಿಸುತ್ತದೆ. ಒಂದರಿಂದ ಎರಡು ಸ್ಟಾಪ್ ಏರಿಸಿ ಸರಿಪಡಿಸಬಹುದಾದರೂ ಅಂಚುಗಳಲ್ಲಿ ನೇರಳೆ ಗೆರೆ ಉಳಿಯುತ್ತದೆ. ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ಹಿಂದೆ ದೂರದ ಕತ್ತಲೆ ಕಾಂಡವೋ ಹಸಿರೋ ಬರುವಂತೆ ಮಾಡಿಕೊಂಡರೆ ತೊಂದರೆಯೇ ಇರುವುದಿಲ್ಲ. ಆಗ ಅರ್ಧ ಸ್ಟಾಪಿನಷ್ಟು ಇಳಿಸಬೇಕಾಗಿ ಬರಬಹುದು.

ಫೋಕಸ್ ಸಣ್ಣ ಒಂದೇ ಬಿಂದುವಿನಲ್ಲಿರಲಿ. ಕಣ್ಣು ಹುಡುಕುವ ಹೊಸ ವ್ಯವಸ್ಥೆಗಳು ತೆರಪಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಕೊಂಬೆ ರೆಂಬೆಗಳ ನಡುವೆ ಮುಂದಿನ ಎಲೆಗೇ ಅಂಟಿಕೊಳ್ಳುತ್ತವೆ. ಹಾಗಾದಾಗ ಮತ್ತೆ ಮತ್ತೆ ಗುಂಡಿ ಒತ್ತುವುದರಿಂದ ಪ್ರಯೋಜನವಿಲ್ಲ. ಲೆನ್ಸಿನ ಬಳೆ ತಿರುಗಿಸಿ ಕೈಯಿಂದ ಹಕ್ಕಿಯವರೆಗೆ ತಂದು, ಅಲ್ಲಿಂದ ಮುಂದೆ ಕ್ಯಾಮೆರಾಗೆ ಬಿಡಿ. ಫೋಕಸನ್ನು ಹಿಂಬದಿಯ ಗುಂಡಿಗೆ ಹೊಂದಿಸಿಕೊಂಡಿದ್ದರೆ ಇದು ಅರ್ಧ ಸೆಕೆಂಡಿನ ಕೆಲಸ.

ಬಾರದ ದಿನ ಏನು

ಒಂಬತ್ತೂವರೆಯಾದರೂ ಕಾಕರಣೆಯ ಸುಳಿವಿಲ್ಲ ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ಕ್ಯಾಮೆರಾ ನೆರಳಿಗೆ ಹೊಂದಿಕೊಂಡಿದೆ, ನೀವು ನಿಂತ ಜಾಗಕ್ಕೆ ಹಕ್ಕಿಗಳೂ ಹೊಂದಿಕೊಂಡಿವೆ. ಈಗ ಕಣ್ಣನ್ನು ನೆಲಕ್ಕೆ ಇಳಿಸಿ. ತರಗೆಲೆ ಕೆದಕುವ ಸದ್ದು ಬಂದರೆ ನೆಲಸಿಳ್ಳಾರವೋ ಚಳಿಗಾಲದ ಅತಿಥಿ ನವರಂಗವೋ ಇರಬಹುದು. ನೆಲದ ಹಕ್ಕಿಗೆ ಕುಳಿತು, ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಿ ತೆಗೆದ ಚಿತ್ರಕ್ಕೂ ನಿಂತು ಮೇಲಿನಿಂದ ತೆಗೆದ ಚಿತ್ರಕ್ಕೂ ಅಜಗಜಾಂತರ. ನವರಂಗ ಎರಡು ಕುಪ್ಪಳಿಕೆಯ ನಡುವೆ ಒಂದು ಕ್ಷಣ ತಟಸ್ಥವಾಗಿ ನಿಲ್ಲುತ್ತದೆ, ಆ ನಿಲುಗಡೆಗೆ 1/125 ಸಾಕು. ಹಳ್ಳದ ಬಂಡೆಯ ಮೇಲೆ ಸರಳೆ ಸಿಳ್ಳಾರ ಕೂತರೆ ಅದರ ಗಾಢ ನೀಲಿ ಕಪ್ಪಾಗಿ ಹೋಗದಂತೆ ಮುಕ್ಕಾಲು ಸ್ಟಾಪ್ ಏರಿಸಬೇಕು.

ಹತ್ತರ ಮೇಲೆ ಕಾಡಿನ ಒಳಗಿಂತ ಅಂಚು ಚೆನ್ನ. ಜನವರಿಯಿಂದ ಮಾರ್ಚ್‌ವರೆಗೆ ಬೂರುಗ, ಮುತ್ತುಗ, ಹಾಲುವಾಣ ಎಲೆ ಉದುರಿಸಿ ಹೂಬಿಡುತ್ತವೆ. ಎಲೆಯಿಲ್ಲದ ಮರದಲ್ಲಿ ಹಕ್ಕಿಗೆ ಮರೆ ಇಲ್ಲ, ಮೇಲಿಂದ ಬೆಳಕೂ ಧಾರಾಳ. ಸೂರಕ್ಕಿ, ಎಲೆಹಕ್ಕಿ, ಹೊನ್ನಕ್ಕಿ, ಭೀಮರಾಜ ಎಲ್ಲಕ್ಕೂ ಈ ಹೂವು ಬೇಕು. ಗೋವಾದ ರಾಜ್ಯಪಕ್ಷಿಯಾದ ಕೆಂಪು ಕೊರಳಿನ ಪಿಕಳಾರ, ಕಾಕರಣೆಗಾಗಿ ಬಂದವರು ತಿರುಗಿಯೂ ನೋಡದೆ ದಾಟಿಹೋಗುವ ಹಕ್ಕಿ, ಇಂಥ ಅಂಚಿನ ಪೊದೆಗಳಲ್ಲೇ ಸಿಗುತ್ತದೆ. ಆಲ, ಅತ್ತಿ, ಬಸರಿ ಹಣ್ಣು ಬಿಟ್ಟಿದ್ದರೆ ಮಂಗಟ್ಟೆಗಳು ದಿನಕ್ಕೆ ಹಲವು ಸಲ ಅದೇ ಮರಕ್ಕೆ ಬರುತ್ತವೆ. ಹಣ್ಣುಮರದ ಕೆಳಗೆ ನೇರ ನಿಂತು ಹೊಟ್ಟೆಯ ಚಿತ್ರ ತೆಗೆಯುವ ಬದಲು 30 ಮೀಟರ್ ದೂರದ ದಿಣ್ಣೆಯೊಂದನ್ನು ಹುಡುಕಿಕೊಳ್ಳಿ, ಮರದ ನಡು ಎತ್ತರ ನಿಮ್ಮ ಕಣ್ಣಿಗೆ ಸಮನಾಗುತ್ತದೆ. ಇಲ್ಲಿ ಷಟರ್ 1/1600ಕ್ಕೆ ಏರಿಸುವುದನ್ನು ಮರೆಯಬಾರದು. ಕಾಡಿನ ಅಳತೆಯನ್ನೇ ಇಟ್ಟುಕೊಂಡು ಹಾರುವ ಮಂಗಟ್ಟೆಯ ಮಸುಕು ಚಿತ್ರ ತರುವವರು ಬಹಳ.

ಮರುದಿನ ಕರಂಬಳಿ ಕೆರೆಗೋ ಚೋಡಣ ದ್ವೀಪಕ್ಕೋ ಹೋಗುವುದಾದರೆ ಲೆಕ್ಕವೆಲ್ಲ ಬದಲು. ಚೋಡಣದ ಸಲೀಂ ಅಲಿ ಪಕ್ಷಿಧಾಮ ಬರೀ 1.78 ಚದರ ಕಿ.ಮೀ., ಮಾಂಡೋವಿಯ ಕಾಂಡ್ಲಾ ಕಾಡು, ರಾಯಬಂದರದಿಂದ ಫೆರಿಯಲ್ಲಿ ದಾಟಬೇಕು. ಇಲ್ಲಿ ಎಲ್ಲರೂ ಹುಡುಕುವುದು ಬಿಳಿ ಕೊರಳಪಟ್ಟಿಯ ಮಿಂಚುಳ್ಳಿಯನ್ನು. ಈ ಹಕ್ಕಿಗೆ ಗಡಿಯಾರಕ್ಕಿಂತ ನೀರಿನ ಮಟ್ಟ ಮುಖ್ಯ. ಇಳಿತದಲ್ಲಿ ಕೆಸರು ತೆರೆದುಕೊಂಡು ಏಡಿಗಳು ಹೊರಬಂದಾಗ ಅದು ಕೆಳಗಿನ ಬೇರುಗಳ ಮೇಲೆ ಬಂದು ಕೂರುತ್ತದೆ, ಉಬ್ಬರದಲ್ಲಿ ಒಳಗೆಲ್ಲೋ ಮರೆಯಾಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಸುಮಾರು 50 ನಿಮಿಷ ತಡ. ಶನಿವಾರದ ಇಳಿತ ಏಳಕ್ಕಿದ್ದರೆ ಭಾನುವಾರದ್ದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಉಬ್ಬರದ ಹೊತ್ತಿಗೆ ದೋಣಿ ಮಾಡಿಕೊಂಡು ಹೋಗಿ ಹಕ್ಕಿಯಿಲ್ಲ ಎಂದು ಬರುವವರು ಉಬ್ಬರ ಇಳಿತದ ಪಟ್ಟಿ ನೋಡಿ ಹೋಗಿದ್ದರೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಮಾಂಡೋವಿ ಜುವಾರಿಗಳನ್ನು ಸೇರಿಸುವ ಕುಂಬಾರ್ಜುವಾ ಕಾಲುವೆಗೂ ಇದೇ ಮಾತು. ದೋಣಿಯಲ್ಲಿ ಟ್ರೈಪಾಡ್ ಬೇಡ, ಎಂಜಿನ್ನಿನ ನಡುಕ ನೇರ ಕ್ಯಾಮೆರಾಗೆ ಏರುತ್ತದೆ. ಎಂಜಿನ್ ನಿಲ್ಲಿಸಿ ತೇಲಲು ಹೇಳಿ, ಕೈಯಲ್ಲೇ ಹಿಡಿದು, 1/1600ಕ್ಕಿಂತ ಕೆಳಗಿಳಿಯದೆ ತೆಗೆಯಿರಿ.

ಬಯಲು ನೀರಿನ ಜಾಗಗಳ ಇನ್ನೊಂದು ಕಾಟ ಬಿಸಿಗಾಳಿ. ಹತ್ತು ಗಂಟೆಯ ಮೇಲೆ ಕಾದ ಗದ್ದೆಬದುವಿನ ಮೇಲಿಂದ ಏಳುವ ಗಾಳಿಯ ಅಲೆಗಳು ಬೆಳಕನ್ನು ಬಗ್ಗಿಸುತ್ತವೆ. ಕರಂಬಳಿಯಲ್ಲಿ ನೂರು ಮೀಟರ್ ದೂರದ ಬಾತುಗಳ ಚಿತ್ರ ಚೂಪಾಗಲಿಲ್ಲವೆಂದು ಲೆನ್ಸನ್ನು ರಿಪೇರಿಗೆ ಕೊಡುವ ಮುನ್ನ, ಅದೇ ಚಿತ್ರವನ್ನು ಬೆಳಿಗ್ಗೆ ಏಳೂವರೆಗೆ ತೆಗೆದು ನೋಡಿ. ಲೆನ್ಸ್ ಎಷ್ಟು ದುಬಾರಿಯಾದರೂ ನಡುವಿನ ಗಾಳಿಯನ್ನು ಸರಿಪಡಿಸಲಾರದು. ಆ ಹೊತ್ತಿನಲ್ಲಿ 30 ಮೀಟರ್ ಒಳಗಿನ ದೇವನಕ್ಕಿ, ನೇರಳೆ ಜಂಬುಕೋಳಿಗಳನ್ನು ತೆಗೆಯುವುದೇ ಸರಿ.

ಕೂಗು ಹಾಕಬಾರದು ಏಕೆ

ಮೊಬೈಲಿನ ಕೂಗಿಗೆ ಹಕ್ಕಿ ಬರುವುದು ನಿಜ. ಬರುವುದು ಏಕೆಂದರೆ ತನ್ನ ನೆಲೆಗೆ ಇನ್ನೊಂದು ಗಂಡು ನುಗ್ಗಿದೆ ಎಂದು ಅದಕ್ಕೆ ಅನ್ನಿಸುತ್ತದೆ. ಮೇವು ಬಿಟ್ಟು, ಕಾವು ಬಿಟ್ಟು ಓಡಿಬಂದು ಇಲ್ಲದ ಎದುರಾಳಿಯನ್ನು ಹುಡುಕುತ್ತದೆ. ಕಾಕರಣೆಯಲ್ಲಿ ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಕೊಳೆತ ಮರದಲ್ಲಿ ಕೊಕ್ಕಿನಿಂದ ಕೊರೆದು ಗೂಡು ಮಾಡಲು ತಿಂಗಳಷ್ಟು ಹಿಡಿಯುತ್ತದೆ, ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಒಬ್ಬರು ಹತ್ತು ನಿಮಿಷ ಕೂಗು ಹಾಕಿದರೆ ಹೋದದ್ದು ಹತ್ತು ನಿಮಿಷ, ವಾರಾಂತ್ಯದಲ್ಲಿ ಎಂಟು ಗುಂಪು ಹಾಕಿದರೆ ಅದರ ಬೆಳಗೆಲ್ಲ ಹೋಯಿತು. ಕೊನೆಗೆ ಕೂಗಿಗೆ ಓಗೊಡುವುದನ್ನೇ ಬಿಡುತ್ತದೆ, ನಿಜವಾದ ಎದುರಾಳಿ ಬಂದಾಗಲೂ. ಬಾಯಲ್ಲಿ ಸಿಳ್ಳೆ ಹಾಕಿ ಕರೆಯುವುದೂ ಇದೇ.

ಗೂಡಿನ ವಿಷಯದಲ್ಲಿ ಕಾನೂನೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬುದಕ್ಕೆ ಕೊಟ್ಟ ಅರ್ಥದಲ್ಲೇ ಕಾಡುಹಕ್ಕಿಗಳ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಗೂಡಿನ ಮುಂದಿನ ಎಲೆ ಸವರಿ ಚಿತ್ರ ತೆಗೆಯುವುದು ಆ ಸಾಲಿಗೇ ಬರುತ್ತದೆ. ಸವರಿದ ಮರೆ ಕಾಗೆಗೂ ಹಾವಿಗೂ ದಾರಿ ತೋರಿಸುತ್ತದೆ.

ಕಪ್ಪೆಬಾಯಿಯನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅದು ಹಗಲಲ್ಲಿ ಹೆಚ್ಚಾಗಿ ಅದೇ ಕೊಂಬೆಯಲ್ಲಿ ಜೋಡಿಯಾಗಿ ಮಲಗುತ್ತದೆ, ಜಾಗ ಗೊತ್ತಿರುವ ಗೈಡ್‌ಗಳು ನೇರ ಅಲ್ಲಿಗೇ ಕರೆದೊಯ್ಯುತ್ತಾರೆ. ಒಣ ಎಲೆಯಂತೆ ಕಾಣುವ ಈ ಹಕ್ಕಿ ನಿಮ್ಮ ಮುಂದೆ ಕೊಕ್ಕನ್ನು ನಿಧಾನವಾಗಿ ಮೇಲಕ್ಕೆತ್ತಿ ಮುರಿದ ಕೊಂಬೆಯಂತೆ ಸೆಟೆದುಕೊಂಡರೆ ಅದು ಹೆದರಿದೆ ಎಂದರ್ಥ, ಪೋಸ್ ಕೊಟ್ಟದ್ದಲ್ಲ. ಅಲ್ಲಿಂದಲೇ ಹಿಂದೆ ಸರಿಯಬೇಕು. ಫ್ಲ್ಯಾಶ್ ಬೇಡವೇ ಬೇಡ. ಐದು ನಿಮಿಷದಲ್ಲಿ ಚಿತ್ರ ತೆಗೆದು ಹೊರಡಿ, ಜಾಗದ ನಿಖರ ಗುರುತನ್ನು ಚಿತ್ರದ ಜೊತೆ ಹಂಚಬೇಡಿ.

ತೇವ, ಉಣುಗು

ಗೋವಾದಲ್ಲಿ ಬೆಳಗಿನ ಮೊದಲ ಅರ್ಧ ಗಂಟೆ ಹಾಳಾಗುವುದಕ್ಕೆ ದೊಡ್ಡ ಕಾರಣ ಲಾಡ್ಜಿನ ಏಸಿ. ರಾತ್ರಿಯೆಲ್ಲ ತಣ್ಣಗಾದ ಲೆನ್ಸ್ ಹೊರಗಿನ ಬೆಚ್ಚಗಿನ ತೇವದ ಗಾಳಿಗೆ ತಾಗಿದ ಕೂಡಲೇ ಮಂಜು ಕಟ್ಟಿಕೊಳ್ಳುತ್ತದೆ. ಮುಂದಿನ ಗಾಜು ಒರೆಸಿದರೆ ಮತ್ತೆ ಕಟ್ಟುತ್ತದೆ, ಒಳಗಿನ ಗಾಜಿಗೆ ಕಟ್ಟಿದ್ದನ್ನು ಒರೆಸಲಾಗದು. ಬ್ಯಾಗನ್ನು ರಾತ್ರಿ ಏಸಿ ಇಲ್ಲದ ಜಾಗದಲ್ಲಿಡಿ, ಇಲ್ಲವಾದರೆ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ಕಾರಿನಲ್ಲೂ ಹೊರಡುವಾಗ ಏಸಿ ಹಾಕಬೇಡಿ. ಮನೆಗೆ ಬಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡದಿದ್ದರೆ ಒಂದೇ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಬರಬಹುದು.

ನೆಲದ ಹಕ್ಕಿಗೆ ಕುಳಿತು ಮಲಗಿ ತೆಗೆಯುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಗೋವಾದ ಸತ್ತರಿ ಕಡೆಯೂ ಬಂದಿದೆ. ಹರಡುವುದು ಉಣುಗುಗಳಿಂದ, ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಹೆಚ್ಚು. ಹಕ್ಕಿ ಫೋಟೊಗೂ ಅವೇ ಒಳ್ಳೆಯ ತಿಂಗಳುಗಳು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತಿಳಿ ಬಣ್ಣದ ಬಟ್ಟೆ ಹಾಕಿ, ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿ, ತರಗೆಲೆಯ ಮೇಲೆ ನೇರ ಮಲಗದೆ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಸತ್ತ ಮಂಗ ಕಂಡ ಜಾಗದಲ್ಲಿ ನಿಲ್ಲಬಾರದು. ಹಿಂತಿರುಗಿದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ಬಟ್ಟೆ ಬಿಸಿನೀರಿಗೆ.

ಬರೆದಿಡುವುದು

ಕಾಕರಣೆ ಕಾಣದ ಬೆಳಗೂ ದಾಖಲೆಯೇ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಗುರುತಿಸಿದ ಎಲ್ಲ ಜಾತಿಗಳನ್ನೂ ಬರೆದು ‘ಪೂರ್ಣ ಪಟ್ಟಿ’ ಎಂದು ಒಪ್ಪಿಸಿದರೆ, ಆ ಪಟ್ಟಿಯಲ್ಲಿ ಕಾಕರಣೆ ಇಲ್ಲದಿರುವುದೂ ಲೆಕ್ಕಕ್ಕೆ ಬರುತ್ತದೆ. ಯಾವ ತಿಂಗಳಲ್ಲಿ ಎಷ್ಟು ಪಟ್ಟಿಗಳಿಗೆ ಒಂದರಲ್ಲಿ ಹಕ್ಕಿ ಕಂಡಿದೆ ಎಂಬುದನ್ನು ಹೀಗೆಯೇ ತಿಳಿಯುವುದು. ಬರೀ ಸಿಕ್ಕ ಅಪರೂಪದ ಹಕ್ಕಿಗಳನ್ನಷ್ಟೇ ಹಾಕಿದ ಪಟ್ಟಿಯಿಂದ ಈ ಲೆಕ್ಕ ಆಗುವುದಿಲ್ಲ.

ನಿಮ್ಮದೇ ನೋಟ್‌ಬುಕ್ಕಿಗೆ ಬೇಕಾದದ್ದು ಇನ್ನೂ ಕಡಿಮೆ: ನಿಂತ ಜಾಗ, ಶುರು ಮತ್ತು ಕೊನೆಯ ಗಂಟೆ, ಮಿಶ್ರ ಗುಂಪು ಎಷ್ಟು ಹೊತ್ತಿಗೆ ಎತ್ತಲಿಂದ ಎತ್ತ ಸಾಗಿತು, ಮೊದಲ ಬಿಸಿಲ ಚುಕ್ಕೆ ಯಾವ ಕೊಂಬೆಗೆ ಎಷ್ಟು ಗಂಟೆಗೆ ಬಿತ್ತು, ಆಗಿನ ಷಟರ್ ಮತ್ತು ಐಎಸ್‌ಒ, ಯಾವ ಮರ ಹೂವಿನಲ್ಲಿದೆ, ಯಾವುದು ಕಾಯಿಯಲ್ಲಿದೆ. ಅತ್ತಿ ಕಾಯಿಯಾಗಿದ್ದರೆ ಅದರ ಪಕ್ಕದಲ್ಲಿ ಮತ್ತೆ ಬರುವ ತಾರೀಖನ್ನೂ ಬರೆದಿಡಿ.